ಎರಡನೇ ಡ್ರಮ್ಮಿಗೆ ಬಿದ್ದ ವಾಚು

ವಾಚನ್ನು ಬಟ್ಟೆ ತೊಳೆಯುವ ಡ್ರಮ್ಮಿಗೆ ಹಾಕಿದ್ದು ತಪ್ಪು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಮನೆಯಲ್ಲಿ ಒಪ್ಪಿಸಲು ನೋಡಿದ್ದಾರೆ, ಆಸ್ಪತ್ರೆಯವರು ಬರವಣಿಗೆಯಲ್ಲಿ ವಿವರಣೆ ಕೇಳಿದ್ದಾರೆ, ನನ್ನ ಭಾವಮೈದುನನಂತೂ ಆರು ವಾರ ಮಾತು ಬಿಟ್ಟಿದ್ದ. ಆ ಆರು ವಾರ ಮನೆ ಎಷ್ಟು ಶಾಂತವಾಗಿತ್ತೆಂದರೆ, ಇನ್ನೊಂದು ಸಲ ಹಾಕಿದರೂ ನಷ್ಟವಿಲ್ಲ ಎಂದು ನನಗೆ ಅನ್ನಿಸಿದ್ದುಂಟು.

ಮೊದಲಿನಿಂದ ಹೇಳುತ್ತೇನೆ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಎರಡನೇ ಡ್ರಮ್ಮಿನವನು. ಡ್ರಮ್ ಅಂದರೆ ಆಳೆತ್ತರದ ತೊಳೆಯುವ ಯಂತ್ರ, ಮುಂದೆ ಒಂದು ಗುಂಡನೆಯ ಗಾಜಿನ ಬಾಗಿಲು. ವಾರ್ಡಿನ ಹೊದಿಕೆ, ಡಾಕ್ಟರುಗಳ ಕೋಟು, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲವೂ ಹತ್ತೊಂಬತ್ತು ವರ್ಷದಿಂದ ನನ್ನ ಕೈಯಿಂದಲೇ ಬೆಳ್ಳಗಾಗಿವೆ. ಹಸಿರು ಬಟ್ಟೆ ಬೆಳ್ಳಗಾಗಬಾರದು, ಅದು ಬೇರೆ ಮಾತು.

ಯಂತ್ರಕ್ಕೆ ತನ್ನದೇ ಟೈಮರ್ ಒಂದಿತ್ತು. ಅದು ಕೆಟ್ಟು ಏಳು ವರ್ಷ. ರಿಪೇರಿಯ ಅರ್ಜಿ ಮೇಜಿನಿಂದ ಮೇಜಿಗೆ ಈಗಲೂ ನಡೆಯುತ್ತಿದೆ, ನನಗಿಂತ ಮೊದಲು ಅದೇ ನಿವೃತ್ತಿಯಾಗುವ ಲಕ್ಷಣ ಕಾಣುತ್ತಿದೆ. ಗೋಡೆಗೆ ಹಾಕಿದ ಗಡಿಯಾರಗಳು ಉಗಿಗೆ ಕುರುಡಾದವು. ಹೀಗಾಗಿ ಹೊತ್ತು ನೋಡುವುದು ಡ್ರಮ್ಮಿನವನ ಮಣಿಕಟ್ಟಿನ ಜವಾಬ್ದಾರಿ. ಒಂದು ಹೊರೆಗೆ ನಲವತ್ತೊಂದು ನಿಮಿಷ. ಕಡಿಮೆಯಾದರೆ ಸೋಂಕು ಸಾಯುವುದಿಲ್ಲ, ಹೆಚ್ಚಾದರೆ ಬಟ್ಟೆ ಸಾಯುತ್ತದೆ.

ಈ ನಲವತ್ತೊಂದು ನಿಮಿಷದ ಸೇವೆಯಲ್ಲಿ ನನ್ನ ಐದು ವಾಚುಗಳು ಹೋದವು. ಮಾವ ಕೊಟ್ಟಿದ್ದ ಬಂಗಾರದ ಬಣ್ಣದ್ದು ಮೊದಲ ವರ್ಷವೇ ಹೋಯಿತು. ಎರಡನೆಯದರೊಳಗೆ ಮೋಡ ಕವಿದು ಆಮೇಲೆ ಮಳೆಯೇ ಬಂತು. ಮೂರನೆಯದರ ಮುಳ್ಳು ಕಳಚಿಕೊಂಡು ಗಾಜಿನೊಳಗೆ ಓಡಾಡುತ್ತಿತ್ತು. ನಾಲ್ಕನೆಯದು ಹೇಗೆ ಹೋಯಿತೆಂದು ಹೇಳುವುದಿಲ್ಲ, ಅದರಲ್ಲಿ ನನ್ನ ತಪ್ಪೂ ಇತ್ತು. ಐದನೆಯದು ಒಂದು ದಿನ ಕೆಲಸದ ನಡುವೆ ಒಂಬತ್ತು ಇಪ್ಪತ್ತಕ್ಕೆ ನಿಂತಿತು. ನಾನು ಅದನ್ನು ನಂಬಿ ಕಾಯುತ್ತಲೇ ಇದ್ದೆ. ಸುಮಾರು ಎರಡು ಗಂಟೆ ಕಾಲ ಒಂಬತ್ತು ಇಪ್ಪತ್ತೇ ಆಗಿತ್ತು. “ಯಾಕೋ ಇವತ್ತು ಹೊತ್ತೇ ಹೋಗ್ತಿಲ್ಲ ಅಕ್ಕ,” ಎಂದು ಬಟ್ಟೆಯ ಟ್ರಾಲಿ ತಳ್ಳುವ ಅಕ್ಕನ ಹತ್ತಿರ ಹೇಳಿದ್ದೂ ನೆನಪಿದೆ.

ಅಷ್ಟು ಹೊತ್ತು ಬೆಂದ ಹಸಿರು ನಿಲುವಂಗಿಗಳು ಕುಗ್ಗಿ, ತೋಳು ಮೊಣಕೈಗೆ ಬಂದವು. ದೊಡ್ಡ ಸರ್ಜನ್ನರು ಅದನ್ನೇ ತೊಟ್ಟುಕೊಂಡು, ಸಾಕ್ಷಿ ಸಮೇತ, ಸೂಪರಿಂಟೆಂಡೆಂಟರ ಕೋಣೆಗೆ ಹೋದರು. ಅರ್ಧ ಗಂಟೆಯ ಮೇಲೆ ನನಗೆ ಕರೆ ಬಂತು.

“ಸೋಮವಾರ ಹನ್ನೊಂದು ಗಂಟೆಗೆ ನಾನೇ ಬಂದು ನೋಡ್ತೀನಿ,” ಎಂದರು ಸೂಪರಿಂಟೆಂಡೆಂಟ್ ಸಾಹೇಬರು. “ನಂಬೋಕಾಗೋ ಅಂಥ ವಾಚು ನಿಮ್ಮ ಕೈಯಲ್ಲಿರಬೇಕು. ಇಲ್ಲಾಂದ್ರೆ ಡ್ರಮ್ ಬೇರೆಯವರಿಗೆ, ನೀವು ಮಡಚೋ ಮೇಜಿಗೆ.”

ಮಡಚುವ ಮೇಜು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ನನ್ನ ಹೆಂಡತಿಯ ಮೂವರು ಗೆಳತಿಯರಿದ್ದಾರೆ. ನಾನು ಮನೆಯಲ್ಲಿ ಟವೆಲ್ ಮಡಚುವ ರೀತಿಯ ಬಗ್ಗೆ ಆ ಮೇಜಿಗೆ ಈಗಾಗಲೇ ಪೂರ್ತಿ ಮಾಹಿತಿ ಇದೆ. ಅಲ್ಲದೆ ಡ್ರಮ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಅದರ ಸದ್ದು ಕೇಳಿಯೇ ಒಳಗೆ ಹೊದಿಕೆಯಿದೆಯೋ ಕೋಟಿದೆಯೋ ಹೇಳಬಲ್ಲೆ. ಅದನ್ನು ಕಿತ್ತುಕೊಳ್ಳುತ್ತಾರೆ ಅಂದಾಗ ನನಗೆ ನಿಜವಾಗಿ ಭಯವಾಯಿತು, ಭಯವಾದ ಕೂಡಲೇ ಸಿಟ್ಟೂ ಬಂತು.

ಸಂಜೆ ಮನೆಯಲ್ಲಿ ಈ ವಿಷಯ ಎತ್ತಿದ್ದು ಮಾತ್ರ ತಪ್ಪು, ಅದನ್ನು ಒಪ್ಪುತ್ತೇನೆ. ನಮ್ಮ ಮೇಲಿನ ಮನೆಯಲ್ಲಿ ನನ್ನ ಅತ್ತೆ, ಅವರ ಮಗ, ಸೊಸೆ ಇದ್ದಾರೆ. ಮಗ ಅಂದರೆ ನನ್ನ ಭಾವಮೈದುನ. ಅವನ ಮಣಿಕಟ್ಟಿನಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ವಾಚು. ಅದು ಹೆಜ್ಜೆ ಎಣಿಸುತ್ತದೆ, ಎದೆಬಡಿತ ಎಣಿಸುತ್ತದೆ. ನಿನ್ನೆ ಚೆನ್ನಾಗಿ ನಿದ್ದೆ ಬಂತೇನಪ್ಪಾ ಎಂದು ಕೇಳಿದರೆ, ಅವನು ಕೈ ನೋಡಿಕೊಂಡು ಉತ್ತರ ಹೇಳುತ್ತಾನೆ.

ಅತ್ತೆಗೆ ಆ ವಾಚಿನ ಮೇಲೆ ಮಗನ ಮೇಲಿನದಕ್ಕಿಂತ ಒಂದು ಗುಂಜಿ ಹೆಚ್ಚು ಪ್ರೀತಿ. ಹೊತ್ತು ಕೇಳುವುದಾದರೆ ಅವನನ್ನೇ ಕೇಳಬೇಕು. ನಾನು ಪಕ್ಕದಲ್ಲೇ ಕೂತಿದ್ದು, ಮಗ ಬಚ್ಚಲಲ್ಲಿದ್ದರೂ ಸರಿ, ಎದ್ದು ಹೋಗಿ ಬಚ್ಚಲ ಬಾಗಿಲು ತಟ್ಟಿ “ಗಂಟೆ ಎಷ್ಟಾಯ್ತೋ?” ಅನ್ನುತ್ತಿದ್ದರು. ಐದು ವಾಚು ಕೊಂದವನ ಹತ್ತಿರ ಹೊತ್ತು ಕೇಳುವುದು ಅವರ ಮರ್ಯಾದೆಗೆ ಕಡಿಮೆ.

“ನಾನೊಂದು ಡಿಜಿಟಲ್ ವಾಚು ತಗೊಳ್ತೀನಿ,” ಎಂದೆ. “ಗಟ್ಟಿಯಾಗಿರೋದು. ನಮ್ಮ ಕೈಗೆಟಕೋ ಬೆಲೆದು.”

“ಪ್ಲಾಸ್ಟಿಕ್‌ದಾ ಭಾವ?” ಭಾವಮೈದುನ ನಕ್ಕ. “ಅದು ಮಕ್ಕಳು ಕಟ್ಕೊಳ್ಳೋದು. ನಿಮ್ಮ ಡ್ರಮ್ ಹತ್ತಿರ ಒಂದು ವಾರ ಬಾಳಲ್ಲ. ಇದನ್ನ ನೋಡಿ, ನಾನೆಲ್ಲಾದ್ರೂ ಬಿದ್ರೆ ಸಾಕು, ಮನೆಯವರಿಗೆಲ್ಲ ತಾನೇ ಸುದ್ದಿ ಕಳಿಸುತ್ತೆ. ಎಲ್ಲಿ ಬಿದ್ದಿದ್ದೀನಿ ಅನ್ನೋದೂ ತೋರಿಸುತ್ತೆ.”

“ನೀನು ಬಿದ್ರೋ, ವಾಚು ಬಿದ್ರೋ?”

“ನಾನು ಬಿದ್ರೆ.”

“ಬಿದ್ದಿದ್ದು ನೀನೇ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?”

“ಅದಕ್ಕೆ ಬುದ್ಧಿ ಇದೆ ಭಾವ,” ಎಂದ. ಅತ್ತೆ ನನ್ನನ್ನು ನೋಡಿದ ರೀತಿಯಿಂದ, ಆ ಕೋಣೆಯಲ್ಲಿ ಯಾರಿಗೆ ಇಲ್ಲ ಅನ್ನುವುದೂ ಸ್ಪಷ್ಟವಾಯಿತು.

ಮರುದಿನ ಸಂಜೆ ವಾಚಿನ ಅಂಗಡಿಗೆ ಹೋದೆ. ಅಂಗಡಿಯವನಿಗೆ ಬೀದಿಯಲ್ಲಿ ಎಲ್ಲರೂ ಭೂತಗನ್ನಡಿ ಅನ್ನುತ್ತಾರೆ. ಒಂದು ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡೇ ಇರುತ್ತಾನೆ, ಗಿರಾಕಿಯನ್ನೂ ಅದರಲ್ಲೇ ನೋಡುತ್ತಾನೆ. ನನ್ನ ಐದು ವಾಚುಗಳ ಮರಣೋತ್ತರ ಪರೀಕ್ಷೆಯನ್ನೂ ಮಾಡಿದವನು ಅವನೇ.

ನಾನು ಗಾಜಿನ ಪೆಟ್ಟಿಗೆಯೊಳಗೆ ಬೆರಳು ತೋರಿಸಿದೆ. “ಅದರ ಬೆನ್ನ ಮೇಲೆ ಏನೋ ಬರೆದಿದೆಯಲ್ಲ.”

“ನೀರು ತಡೆಯುತ್ತೆ, ಮೂವತ್ತು ಮೀಟರ್.”

“ಹಾಗಾದ್ರೆ ಮೂವತ್ತು ಮೀಟರ್ ಆಳಕ್ಕೆ ಇಳೀಬಹುದು.”

“ಉಹೂಂ. ಮೂವತ್ತು ಅಂದ್ರೆ ಕೈ ತೊಳೀಬಹುದು.”

“ಮೂವತ್ತು ಮೀಟರ್ ಆಳದ ಕೈತೊಟ್ಟಿ ಯಾರ ಮನೇಲಿದೆ ಮಾರಾಯ್ರೇ? ಐವತ್ತು ಅಂದ್ರೆ?”

“ಸ್ನಾನ ಮಾಡಬಹುದು. ತಣ್ಣೀರು.”

“ನೂರು?”

“ಈಜಬಹುದು.”

“ಮೀಟರ್ ಅಂತ ಯಾಕೆ ಬರೀಬೇಕು? ನೇರವಾಗಿ ಕೈ ತೊಳೆಯೋ ವಾಚು, ಸ್ನಾನದ ವಾಚು ಅಂತ ಬರೀಬಾರದಾ?”

“ಬರೆದ್ರೆ ಯಾರು ಕೊಳ್ತಾರೆ?” ಎಂದ ಭೂತಗನ್ನಡಿ, ಮಸೂರದ ಕಣ್ಣಿನಿಂದ ನನ್ನನ್ನೇ ದಿಟ್ಟಿಸುತ್ತಾ.

ಒಂದೂಕಾಲು ಗಂಟೆ ಆರಿಸಿದೆ. ಅಂಕಿ ಸಣ್ಣಗಿದ್ದದ್ದನ್ನು ಬಿಟ್ಟೆ. ಹೊಳೆಯುವುದನ್ನು ಬಿಟ್ಟೆ. ಗುಂಡಿ ಹೊರಗೆ ಚಾಚಿಕೊಂಡಿದ್ದನ್ನೂ ಬಿಟ್ಟೆ, ಯಾಕೆಂದರೆ ಟ್ರಾಲಿಗೆ ತಗುಲಿದರೆ ಗುಂಡಿ ಅಲ್ಲೇ, ವಾಚು ಇಲ್ಲೇ. ಕೊನೆಗೆ ಒಂದು ಕೈಗೆ ಬಂತು. ಕಪ್ಪು ರಬ್ಬರಿನ ಪಟ್ಟಿ, ಚೌಕ ಮುಖ, ಇದ್ದಿಲು ತುಂಡಿನಂಥ ಅಂಕಿಗಳು, ಇನ್ನೂರು ಮೀಟರ್, ಹತ್ತು ವರ್ಷದ ಬ್ಯಾಟರಿ. ಗಾಜು ಒಳಗೆ ತಗ್ಗಿನಲ್ಲಿತ್ತು, ನೆಲಕ್ಕೆ ಬಿದ್ದರೆ ಮೊದಲು ಏಟು ತಿನ್ನುವುದು ಅಂಚಿನ ರಬ್ಬರು. ನೋಡಲು ಚೆನ್ನಾಗಿಲ್ಲ. ನಾನೂ ನೋಡಲು ಚೆನ್ನಾಗಿಲ್ಲ, ಹತ್ತೊಂಬತ್ತು ವರ್ಷ ಕೆಲಸ ಮಾಡಿಲ್ಲವೇ?

“ಇದು ನಮ್ಮ ಡ್ರಮ್ಮಿನಲ್ಲಿ ಬದುಕುತ್ತಾ?”

“ಬಿಸಿನೀರಿಗೆ, ಉಗಿಗೆ ಯಾವ ವಾಚಿಗೂ ನಾನು ಮಾತು ಕೊಡಲ್ಲ.”

“ಹಾಗಾದ್ರೆ ಒಂದು ಸಲ ಡ್ರಮ್ಮಿಗೇ ಹಾಕಿ ನೋಡ್ತೀನಿ. ಒಳಗೇ ಬದುಕಿದ್ರೆ ಹೊರಗೆ ಸಾಯೋ ಮಾತೇ ಇಲ್ಲವಲ್ಲ.”

ಭೂತಗನ್ನಡಿ ಮೊದಲ ಸಲ ಮಸೂರ ತೆಗೆದು, ಎರಡು ಕಣ್ಣಿನಿಂದಲೂ ನನ್ನನ್ನು ನೋಡಿದ. “ಮೂವತ್ತು ವರ್ಷದಿಂದ ಜನ ವಾಚು ಮುಳುಗಿಸಿಕೊಂಡು ಬಂದು ಕೈ ತೊಳೀತಿದ್ದೆ ಅಷ್ಟೇ ಅಂತ ಸುಳ್ಳು ಹೇಳಿದ್ದಾರೆ. ಮುಳುಗಿಸ್ತೀನಿ ಅಂತ ಹೇಳಿ ತಗೊಂಡು ಹೋಗ್ತಿರೋ ಮೊದಲನೇ ಗಿರಾಕಿ ನೀವು. ಹೋಗಿ. ಸತ್ರೆ ವಾಪಸ್ ತನ್ನಿ, ಬದುಕಿದ್ರೆ ತರಬೇಡಿ.”

ಸೋಮವಾರ ಬೆಳಗ್ಗೆ ಭಾವಮೈದುನ ಲಾಂಡ್ರಿಗೆ ಬಂದ. ಪ್ಲಾಸ್ಟಿಕ್ ವಾಚು ಸಾಯುವುದನ್ನು ಕಣ್ಣಾರೆ ನೋಡಿ, ಮನೆಯಲ್ಲಿ ವರ್ಣಿಸುವುದು ಅವನ ಉದ್ದೇಶ. ನಮ್ಮಲ್ಲಿ ಹೊರಗಿನವರಿಗೆ ಮೂರು ನಿಯಮಗಳಿವೆ. ಫೋನನ್ನು ಬಾಗಿಲ ಕಾವಲಿನವನ ಪೆಟ್ಟಿಗೆಯಲ್ಲಿ ಇಡಬೇಕು. ಕೈಯಲ್ಲಿನ ಉಂಗುರ, ವಾಚು ತೆಗೆದು ಬಿಳಿ ಕೋಟು ತೊಡಬೇಕು. ಹೋಗುವಾಗ ಕೋಟನ್ನು ಟ್ರಾಲಿಗೆ ಹಾಕಬೇಕು. ಒಳಗಿನವರಿಗೆ ಇರುವುದು ಒಂದೇ, ಅದು ಸಾಹೇಬರ ಸಹಿಯೊಂದಿಗೆ ಗೋಡೆಯ ಮೇಲಿದೆ: ಸೋಂಕಿನ ವಾರ್ಡಿನ ಬಟ್ಟೆ ಟ್ರಾಲಿಗೆ ಬಿದ್ದ ಮೇಲೆ ಯಾರೂ ಮುಟ್ಟಕೂಡದು, ತಡಕಕೂಡದು, ಡ್ರಮ್ ಪೂರ್ತಿಯಾಗುವ ಮೊದಲು, ಯಾರೇ ಹೇಳಿದರೂ, ಬಾಗಿಲು ತೆರೆಯಕೂಡದು.

ಭಾವಮೈದುನ ನಿಯಮದಂತೆ ಫೋನು ಕೊಟ್ಟ, ವಾಚು ಬಿಚ್ಚಿದ, ಕೋಟು ತೊಟ್ಟ, ವಾಚನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಸೋಂಕಿನ ವಾರ್ಡಿನ ಟ್ರಾಲಿ ಬಂದ ಕೂಡಲೇ ಮೂಗು ಮುಚ್ಚಿಕೊಂಡ. “ನೀವು ಶುರು ಮಾಡಿ ಭಾವ, ನಾನು ಒಂದು ಟೀ ಕುಡಿದು ಬರ್ತೀನಿ,” ಎಂದು ಕೋಟು ಬಿಚ್ಚಿ, ನಿಯಮದಂತೆ ಟ್ರಾಲಿಗೆ ಎಸೆದು ನಡೆದ. ಜೇಬಿನಲ್ಲಿ ಏನಿದೆ ಅನ್ನುವುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಟ್ರಾಲಿ ಅಕ್ಕ ಎಲ್ಲವನ್ನೂ ಡ್ರಮ್ಮಿಗೆ ತಳ್ಳಿದಳು.

ನನ್ನ ವಾಚು ಹತ್ತು ಇಪ್ಪತ್ತನಾಲ್ಕು ತೋರಿಸುತ್ತಿತ್ತು. ಅಲಾರಾಂ ಹನ್ನೊಂದು ಐದಕ್ಕೆ ಇಟ್ಟೆ. ವಾಚನ್ನು ಕಾಲುಚೀಲ ತೊಳೆಯುವ ಬಲೆಚೀಲಕ್ಕೆ ಹಾಕಿ, ಗಂಟು ಬಿಗಿದು ಬಟ್ಟೆಗಳ ಮೇಲಿಟ್ಟು, ಬಾಗಿಲು ಜಡಿದು, ಗುಂಡಿ ಒತ್ತಿದೆ. ಡ್ರಮ್ ತಿರುಗತೊಡಗಿತು. ಎದೆಯುಬ್ಬಿಸಿ ಹೊತ್ತು ನೋಡಲು ಕೈ ಎತ್ತಿದೆ.

ಬರಿಗೈ.

“ಅಕ್ಕ,” ಎಂದೆ, “ವಾಚು ಒಳಗಿದೆ.”

“ನೀವೇ ಹಾಕಿದ್ರಲ್ಲ,” ಎಂದಳು ಟ್ರಾಲಿ ಅಕ್ಕ.

“ಹೌದು. ಆದರೆ ಈಗ ಹೊತ್ತು ಯಾವುದರಲ್ಲಿ ನೋಡೋದು?”

ಅವಳು ಖಾಲಿ ಟ್ರಾಲಿ ತಳ್ಳಿಕೊಂಡು ಹೋದಳು. ನಾನು ಗಾಜಿಗೆ ಮೂಗು ತಾಗಿಸಿ ನಿಂತೆ. ಎಂಟು ಸುತ್ತಿಗೊಮ್ಮೆ ಬಲೆಚೀಲ ಗಾಜಿನ ಮುಂದೆ ಹಾದುಹೋಗುತ್ತಿತ್ತು. ಒಂದು ಸಲ “ಹತ್ತು” ಕಂಡೆ. ಉಳಿದದ್ದು ನೊರೆ.

ಅದೇ ಹೊತ್ತಿಗೆ ಮನೆಯಲ್ಲಿ ಏನಾಯಿತು ಅನ್ನುವುದನ್ನು ಹೆಂಡತಿ ಆಮೇಲೆ ಹೇಳಿದಳು. ಹತ್ತು ಇಪ್ಪತ್ತಾರಕ್ಕೆ ಮೂವರು ಹೆಂಗಸರ ಫೋನಿಗೂ ಒಟ್ಟಿಗೇ ಸುದ್ದಿ ಬಂತು: ಬಿದ್ದಿದ್ದಾರೆ. ಅಯ್ಯೋ ಅನ್ನುವಷ್ಟರಲ್ಲಿ ಇನ್ನೊಂದು: ಬಿದ್ದಿದ್ದಾರೆ. ಹತ್ತು ನಿಮಿಷದಲ್ಲಿ ಅವನು ನೂರಾ ಮೂವತ್ತೇಳು ಸಲ ಬಿದ್ದಿದ್ದ.

“ಒಂದು ಸಲ ಬಿದ್ದ ಮೇಲೆ ಸುಮ್ಮನೆ ಮಲಗಿರಬಾರದಾ?” ಎಂದು ಅತ್ತೆ ಎದೆ ಹಿಡಿದುಕೊಂಡರಂತೆ. “ಯಾಕೆ ಎದ್ದೆದ್ದು ಬೀಳ್ತಿದ್ದಾನೆ?”

“ಅವನ ಹಟವೇ ಹಾಗಲ್ವಾ ಅಮ್ಮ,” ಎಂದಳಂತೆ ನನ್ನ ಹೆಂಡತಿ.

ಆಮೇಲೆ ವಾಚಿನ ಬುದ್ಧಿ ಇನ್ನಷ್ಟು ಚುರುಕಾಯಿತು. ಈಜು ಆರಂಭವಾಗಿದೆ ಎಂದು ತಿಳಿಸಿತು. “ಅವರಿಗೆ ಈಜೇ ಬರಲ್ಲ ಅತ್ತೆ!” ಎಂದು ಸೊಸೆ ಕಿರುಚಿದಳು. ಕೊನೆಗೆ, ಎದೆಬಡಿತ ಸಿಗುತ್ತಿಲ್ಲ ಎಂದಿತು. ಅವನಿಗೆ ಫೋನು ಮಾಡಿದರೆ ಎತ್ತುವವರಿಲ್ಲ, ಅದು ಇನ್ನೂ ಕಾವಲಿನವನ ಪೆಟ್ಟಿಗೆಯಲ್ಲೇ ಇತ್ತು. ಎಲ್ಲಿದ್ದಾನೆ ಎಂದು ನೋಡಿದರೆ ಆಸ್ಪತ್ರೆ. ಮೂವರೂ ಆಟೊ ಹತ್ತಿದರು. ಆಟೊದವನು ಫೋನು ನೋಡಿ, “ಆಸ್ಪತ್ರೆಯಲ್ಲೇ ಬಿದ್ದಿದ್ದಾರಲ್ಲ, ಒಳ್ಳೇ ಜಾಗ ನೋಡ್ಕೊಂಡೇ ಬಿದ್ದಿದ್ದಾರೆ ಬಿಡಿ,” ಎಂದು ಸಮಾಧಾನ ಹೇಳಿದನಂತೆ.

ದಾಖಲಾತಿ ಗುಮಾಸ್ತ ಪುಸ್ತಕ ತಿರುವಿದ. “ಇವತ್ತು ಬಿದ್ದು ಬಂದವರು ಇಬ್ಬರೇ. ಒಬ್ಬರು ಏಣಿಯಿಂದ, ಒಬ್ಬರು ಮಂಚದಿಂದ. ನೂರಾರು ಸಲ ಬಿದ್ದವರು ಯಾರೂ ದಾಖಲಾಗಿಲ್ಲ.”

“ಈಜುತ್ತಾ ಬಿದ್ದವರು?” ಎಂದು ಕೇಳಿದರು ಅತ್ತೆ.

ಗುಮಾಸ್ತ ಅವರ ಫೋನಿನಲ್ಲಿದ್ದ ಚುಕ್ಕೆಯನ್ನು ನೋಡಿ ದನಿ ತಗ್ಗಿಸಿದ. “ಚುಕ್ಕೆ ಹಿಂದಿನ ಕಟ್ಟಡದಲ್ಲಿದೆ ಅಮ್ಮ. ಅಲ್ಲಿರೋದು ಎರಡೇ. ಒಂದು ಲಾಂಡ್ರಿ.” ಎರಡನೆಯದರ ಹೆಸರು ಅವನು ಹೇಳಲಿಲ್ಲ. ಶವಾಗಾರದ ಬಾಗಿಲ ಬೋರ್ಡು ಅಲ್ಲಿಂದಲೇ ಕಾಣುತ್ತಿತ್ತು.

ಅಳುತ್ತಾ ಓಡಿ ಬಂದ ಮೂವರನ್ನು ನಮ್ಮ ಬಾಗಿಲ ಕಾವಲಿನವನು ತಡೆದ. “ಅಳೋದಾದ್ರೆ ಒಳಗೆ ಹೋಗಿ ಅಳಿ. ಫೋನ್ ಮಾತ್ರ ಇಲ್ಲೇ ಇಡಿ.”

ನಾನು ಗಾಜಿನಿಂದ ಮೂಗು ತೆಗೆದು ತಿರುಗಿದೆ. ಅತ್ತೆ, ಹೆಂಡತಿ, ಭಾವಮೈದುನನ ಹೆಂಡತಿ. ಅವರ ಹಿಂದೆಯೇ, ನೋಡಲು ಬರುತ್ತೇನೆ ಎಂದಿದ್ದ ಸೂಪರಿಂಟೆಂಡೆಂಟ್ ಸಾಹೇಬರು.

“ನನ್ನ ಮಗ ಎಲ್ಲಿ?” ಎಂದರು ಅತ್ತೆ.

“ಈಗ ತಾನೇ ಇಲ್ಲೇ ಇದ್ದ ಅತ್ತೆ.”

“ಬಿದ್ದನಂತೆ!”

“ಎಲ್ಲಿಗೆ?”

ಈ ಪ್ರಶ್ನೆ ನಾನು ಕೇಳಬಾರದಿತ್ತು. ಎಲ್ಲರ ಕಣ್ಣೂ ಡ್ರಮ್ಮಿನ ಕಡೆ ಹೋಯಿತು. ಅದೇ ಗಳಿಗೆಗೆ ನೊರೆಯೊಳಗಿಂದ ಒಂದು ಬಿಳಿ ತೋಳು ಮೇಲೆದ್ದು, ಗಾಜಿಗೆ ಬಡಿದು, ನಿಧಾನವಾಗಿ ಕೆಳಗೆ ಜಾರಿತು.

“ಅಯ್ಯಯ್ಯೋ, ಕೈ ಬೀಸ್ತಿದ್ದಾನೆ!” ಎಂದು ಅತ್ತೆ ಕೂಗಿದ್ದು ಮೂರನೇ ಮಹಡಿಗೆ ಕೇಳಿಸಿತಂತೆ.

“ಡ್ರಮ್ ನಿಲ್ಲಿಸಿ!” ಎಂದರು ಸಾಹೇಬರು. “ಬಾಗಿಲು ತೆಗೀರಿ!”

“ತೆಗೆಯಲ್ಲ ಸರ್.”

ಹತ್ತೊಂಬತ್ತು ವರ್ಷದಲ್ಲಿ ನಾನು ಮೇಲಿನವರಿಗೆ ಇಲ್ಲ ಎಂದದ್ದು ಅದೇ ಮೊದಲು. ಹೇಳಿ ಅತ್ತೆಯ ಕಡೆ ತಿರುಗಿದೆ.

“ಅತ್ತೆ, ಈ ಡ್ರಮ್ಮಿಗೆ ಹಿಡಿಸೋದು ಅರವತ್ತು ಕಿಲೊ. ನಿಮ್ಮ ಮಗ ತೊಂಬತ್ತೆರಡು.”

“ಎಂಬತ್ತೆಂಟು ಅಣ್ಣ!” ಎಂದಳು ಅವನ ಹೆಂಡತಿ, ಬಿಕ್ಕುತ್ತಲೇ.

“ಎಂಬತ್ತೆಂಟೇ ಇರಲಿ. ಅವನು ಹಿಡಿಸಲ್ಲ. ಸರ್, ಒಳಗಿರೋದು ಸೋಂಕಿನ ವಾರ್ಡಿನ ಬಟ್ಟೆ. ಅರ್ಧಕ್ಕೆ ತೆಗೆದ್ರೆ ಇಡೀ ವಾರ್ಡಿಗೆ ನಾನೇ ರೋಗ ಹಂಚಿದ ಹಾಗೆ. ಯಾರೇ ಹೇಳಿದರೂ ತೆರೆಯಕೂಡದು ಅಂತ ಗೋಡೆ ಮೇಲಿದೆ. ಕೆಳಗಿರೋ ಸಹಿ ನಿಮ್ಮದು.”

ಸಾಹೇಬರು ಗೋಡೆಯನ್ನು ನೋಡಿದರು. ತಮ್ಮ ಸಹಿಯನ್ನು ಗುರುತಿಸಿದರು. ತಮ್ಮ ಕೈ ವಾಚನ್ನು ನೋಡಿಕೊಂಡರು, ಅದರ ಗಾಜು ಉಗಿಗೆ ಆಗಲೇ ಮಂಜಾಗಿತ್ತು. “ಸರಿ. ಇನ್ನೆಷ್ಟು ಹೊತ್ತಿದೆ?”

ನಾನು ಅಭ್ಯಾಸಬಲದಿಂದ ಕೈ ಎತ್ತಿ, ಹಾಗೇ ಇಳಿಸಿದೆ.

“ನಿಮ್ಮ ವಾಚೆಲ್ಲಿ?”

“ಒಳಗಿದೆ ಸರ್.”

ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮಡಚುವ ಮೇಜಿನ ಮೂವರೂ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು, ನನಗೆ ಜಾಗ ಮಾಡಿಕೊಡಲೋ ಏನೋ.

“ಅದು ಕೂಗುತ್ತೆ ಸರ್,” ಎಂದೆ. “ಅದು ಕೂಗಿದ ಮೇಲೇ ತೆಗೀತೀನಿ. ಕೂಗದಿದ್ರೆ ನಾನೇ ಮಡಚೋ ಮೇಜಿಗೆ ಹೋಗ್ತೀನಿ.”

ಆಗ ಬಾಗಿಲಲ್ಲಿ ಕಾಗದದ ಲೋಟ ಹಿಡಿದ ಭಾವಮೈದುನ ಕಾಣಿಸಿಕೊಂಡ. “ಏನಮ್ಮಾ, ಎಲ್ಲರೂ ಇಲ್ಲಿ? ಸತ್ತಿತಾ ಪ್ಲಾಸ್ಟಿಕ್ ವಾಚು?”

ಅತ್ತೆ ಮೊದಲು ಅವನ ಬೆನ್ನಿಗೆ ಎರಡು ಗುದ್ದಿ, ಆಮೇಲೆ ಅಪ್ಪಿಕೊಂಡರು. “ನೂರಾರು ಸಲ ಬಿದ್ದೆಯಲ್ಲೋ! ಎದೆಬಡಿತವೂ ಇರಲಿಲ್ಲವಲ್ಲೋ!” ಟೀ ಸಾಹೇಬರ ಮೇಲೆ ಚೆಲ್ಲಿತು. ಭಾವಮೈದುನನ ಬಲಗೈ ಎಡಮಣಿಕಟ್ಟಿಗೆ ಹೋಯಿತು, ಅಲ್ಲಿಂದ ಇಲ್ಲದ ಕೋಟಿನ ಜೇಬಿಗೆ, ಅಲ್ಲಿಂದ ನಿಧಾನವಾಗಿ ತಲೆಯ ಮೇಲಕ್ಕೆ.

“ಭಾವ, ನಿಲ್ಲಿಸಿ! ನನ್ನ ವಾಚು!”

“ಯಾರೇ ಹೇಳಿದರೂ ತೆರೆಯಕೂಡದು,” ಎಂದರು ಸಾಹೇಬರು, ಅಂಗಿಯ ಟೀ ಒರೆಸಿಕೊಳ್ಳುತ್ತಾ. ಈ ಸಲ ಹೇಳಿದ್ದು ನಾನಲ್ಲ.

ಕೊನೆಯ ನೀರು ಇಳಿಯಿತು. ದಿಕ್ಕು ಬದಲಿಸುವ ಮೊದಲು ನನ್ನ ಡ್ರಮ್ ಏಳೆಂಟು ಸೆಕೆಂಡು ಉಸಿರು ಹಿಡಿಯುತ್ತದೆ. ಆ ನಿಶ್ಶಬ್ದದಲ್ಲಿ, ಒದ್ದೆ ಬಟ್ಟೆಗಳ ರಾಶಿಯ ಅಡಿಯಿಂದ, ಸಣ್ಣಗೆ, ಸ್ವಲ್ಪ ಶೀತವಾದ ದನಿಯಲ್ಲಿ ಕೇಳಿಸಿತು: ಪೀಪ್ ಪೀಪ್. ಪೀಪ್ ಪೀಪ್.

“ಗಂಟೆ ಎಷ್ಟಯ್ಯಾ?” ಎಂದು ಸಾಹೇಬರು ಹೊರಗೆ ಕೂಗಿದರು.

“ಹನ್ನೊಂದು ಐದು ಸಾರ್,” ಎಂದ ಬಾಗಿಲ ಕಾವಲಿನವನು, ತನ್ನ ಪೆಟ್ಟಿಗೆಯ ನಾಲ್ಕು ಫೋನು ನೋಡಿ.

ನಾನು ಡ್ರಮ್ ನಿಲ್ಲಿಸಿ ಬಾಗಿಲು ತೆರೆದೆ. ಹೊದಿಕೆಗಳು ಮಲ್ಲಿಗೆಯಷ್ಟು ಬಿಳಿ. ಬಲೆಚೀಲ ಬಿಚ್ಚಿದೆ. ಚೌಕ ಮುಖದ ಮೇಲೆ ಒಂದೇ ಒಂದು ಗೀರು ಬಿದ್ದಿತ್ತು. ಒಳಗೆ ಯಾವುದೋ ಗುಂಡಿ ಒತ್ತಿ ಹೋಗಿ, ವಾರ ಮಾತ್ರ ಗುರುವಾರ ಎಂದು ತೋರಿಸುತ್ತಿತ್ತು. ಇರಲಿ, ಸೋಮವಾರ ಬಂದದ್ದು ತಿಳಿಯಲು ನೌಕರಿಯಲ್ಲಿರುವವನಿಗೆ ವಾಚು ಬೇಕಿಲ್ಲ. ಕೋಟಿನ ಜೇಬಿನಿಂದ ಇನ್ನೊಂದು ವಾಚನ್ನೂ ತೆಗೆದೆ. ಅದು ಕೊನೆಯುಸಿರಿನಲ್ಲಿತ್ತು. ಇವತ್ತಿನ ವ್ಯಾಯಾಮದ ಗುರಿ ಪೂರ್ಣವಾಗಿದೆ, ಅಭಿನಂದನೆಗಳು ಎಂದು ತೋರಿಸಿ ಕಣ್ಣು ಮುಚ್ಚಿತು.

“ಡ್ರಮ್ ನೀವೇ ನೋಡ್ಕೊಳ್ಳಿ,” ಎಂದರು ಸಾಹೇಬರು. ಎರಡು ಹೆಜ್ಜೆ ನಡೆದು ತಿರುಗಿದರು. “ನಡೆದದ್ದಕ್ಕೆ ಲಿಖಿತ ವಿವರಣೆ ಕೊಡಿ.” ಕೊಟ್ಟಿದ್ದೇನೆ. ಒಂದೇ ಸಾಲು: ವಾಚು ಬದುಕಿದೆ, ಆದ್ದರಿಂದ ವಾಪಸ್ ಕೊಟ್ಟಿಲ್ಲ.

ಮನೆಗೆ ಹೊರಡಲು ಎಲ್ಲರೂ ಬಾಗಿಲ ಹತ್ತಿರ ನಿಂತರು. ಭಾವಮೈದುನ ತೀರಿಹೋದ ವಾಚನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡಿದ್ದ. ಅತ್ತೆ ಕಣ್ಣೊರೆಸಿಕೊಂಡು, ಅಭ್ಯಾಸದಂತೆ ಮಗನ ಕಡೆ ತಿರುಗಿ, “ಗಂಟೆ ಎಷ್ಟಾ…” ಎಂದು ಬಾಯಿ ತೆರೆದವರು, ಅವನ ಮಣಿಕಟ್ಟಿನಲ್ಲಿ ವಾಚಿದ್ದ ಜಾಗದ ಬಿಳಿ ಗುರುತನ್ನು ಕಂಡು ನಿಲ್ಲಿಸಿದರು. ಗೋಡೆ ನೋಡಿದರು. ಸೊಸೆಯನ್ನು ನೋಡಿದರು. ಬೇರೆ ದಾರಿಯೇ ಇಲ್ಲವೆಂದು ಖಚಿತವಾದ ಮೇಲೆ ನನ್ನನ್ನು ನೋಡಿದರು.

“ಅಳಿಯಂದ್ರೇ, ಗಂಟೆ ಎಷ್ಟಾಯ್ತು?”

ನಾನು ಅವಸರ ಮಾಡಲಿಲ್ಲ. ಅಂಗಿಯ ತೋಳನ್ನು ಮಡಚಿದೆ. ಹಗಲು ಬೆಳಕು ಬೇಕಾದಷ್ಟಿದ್ದರೂ ಬೆಳಕಿನ ಗುಂಡಿ ಒತ್ತಿದೆ.

“ಹನ್ನೊಂದು ಗಂಟೆ, ಇಪ್ಪತ್ಮೂರು ನಿಮಿಷ, ಹದಿನಾಲ್ಕು ಸೆಕೆಂಡು ಅತ್ತೆ.”

ಅವರು ತಲೆಯಾಡಿಸಿದರು.

“ಹದಿನೈದು,” ಎಂದೆ. “ಹದಿನಾರು.”

ಯಾರೂ ಸಾಕು ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.